ರಸ್ತೆಯ ರೋಲರು: ಯಂತ್ರದ ಕ್ಷೇಮ ಮತ್ತು ಜನರ ಕ್ಷೇಮ

ರಸ್ತೆಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಅವನ್ನು ಕಟ್ಟಿಸಿದ ದೊರೆಗಳನ್ನು ಕುರಿತೋ, ಅವುಗಳ ಮೇಲೆ ನಡೆದ ದಂಡುಗಳನ್ನು ಕುರಿತೋ, ಸಾಗಿದ ಸರಕುಗಳನ್ನು ಕುರಿತೋ ಹೇಳುತ್ತಾರೆ. ಆ ರಸ್ತೆಗಳನ್ನು ಅದುಮಿ ಗಟ್ಟಿಮಾಡಿದ ಸಾಧನಕ್ಕೆ ಅಂತಹ ಗ್ರಂಥಗಳಲ್ಲಿ ದೊರೆಯುವ ಸ್ಥಾನ ಅತ್ಯಲ್ಪ. ಆ ಸಾಧನವನ್ನು ನಡೆಸಿದವರಿಗೂ ಅದರ ಮುಂದೆ ಜಲ್ಲಿ ಹರಡಿದವರಿಗೂ ಅಷ್ಟು ಸ್ಥಾನವೂ ಇಲ್ಲ. ರಸ್ತೆಯ ರೋಲರು ನಮ್ಮ ಹಳ್ಳಿಪಟ್ಟಣಗಳಲ್ಲೆಲ್ಲ ಎಲ್ಲರಿಗೂ ಪರಿಚಿತವಾದ ವಸ್ತು. ಅತಿಪರಿಚಯದಿಂದಲೇ ಅದು ನಮ್ಮ ವಿಚಾರದೃಷ್ಟಿಯಿಂದ ತಪ್ಪಿಸಿಕೊಂಡಿದೆ ಎಂದರೆ ತಪ್ಪಾಗಲಾರದು.

ಪ್ರಸ್ತುತ ಲೇಖನದಲ್ಲಿ ಈ ಯಂತ್ರದ ಚರಿತ್ರೆಯನ್ನು ಒಂದು ವಿಶೇಷ ಪ್ರಶ್ನೆಯ ಮೂಲಕ ಪರಿಶೀಲಿಸಲು ಉದ್ದೇಶಿಸಿದ್ದೇವೆ. ರೋಲರನ್ನು ಕ್ಷೇಮವಾಗಿ ನಡೆಸುವುದು ಹೇಗೆ ಎಂಬುದು ಅದು ಹುಟ್ಟಿದ ದಿನದಿಂದಲೂ ಇದ್ದ ಚಿಂತೆ. ಆದರೆ ಯಾರ ಕ್ಷೇಮ ಎಂಬ ವಿಷಯದಲ್ಲಿ ಕಾಲಕಾಲಕ್ಕೆ ದೊರೆತ ಉತ್ತರ ಒಂದೇ ಬಗೆಯದಾಗಿರಲಿಲ್ಲ. ಮೊದಲು ಬಾಯ್ಲರಿನ ಕ್ಷೇಮ, ಬಳಿಕ ದಾರಿಹೋಕರ ಮತ್ತು ಅವರ ಕುದುರೆಗಳ ಕ್ಷೇಮ, ಎಲ್ಲಕ್ಕೂ ಕಡೆಯಲ್ಲಿ ಕೆಲಸಗಾರರ ಕ್ಷೇಮ, ಹೀಗೆ ಕಾನೂನಿನ ದೃಷ್ಟಿಯು ಚಲಿಸಿತೆಂಬುದು ನಮ್ಮ ಅಭಿಪ್ರಾಯ. ಈ ಅಭಿಪ್ರಾಯಕ್ಕೆ ಆಧಾರವೇನು, ಅದಕ್ಕೆ ಮಿತಿಗಳೇನು ಎಂಬುದನ್ನು ಮುಂದೆ ವಿವೇಚಿಸಲಾಗಿದೆ.

1. ರೋಲರಿಗೆ ಮುಂಚೆ

ಭಾರವಾದ ದುಂಡುಕಲ್ಲನ್ನು ಉರುಳಿಸಿ ಕೆಲಸ ಸಾಧಿಸುವ ಉಪಾಯ ನಮ್ಮ ರೈತನಿಗೆ ಹೊಸತಲ್ಲ. ಕಣದಲ್ಲಿ ತೆನೆಯ ಮೇಲೆ ರೋಣಗಲ್ಲನ್ನು ಎತ್ತು ಕಟ್ಟಿ ಉರುಳಿಸುವುದನ್ನು ನಮ್ಮಲ್ಲಿ ಅನೇಕರು ಕಂಡಿದ್ದೇವೆ. ರಸ್ತೆಯ ಕೆಲಸಕ್ಕೂ ಕಲ್ಲಿನ ಅಥವಾ ಎರಕದ ಕಬ್ಬಿಣದ ಉರುಳೆಗಳನ್ನು ಎತ್ತುಗಳು, ಕುದುರೆಗಳು, ಕೆಲವೆಡೆ ಹಗ್ಗ ಹಿಡಿದ ಮನುಷ್ಯರೇ ಎಳೆಯುತ್ತಿದ್ದರು. ಹೀಗಿದ್ದರೂ ಆಧುನಿಕ ರಸ್ತೆಯ ಪಿತಾಮಹನೆಂದು ಹೆಸರು ಪಡೆದ ಜಾನ್ ಲೌಡನ್ ಮೆಕಾಡಮ್ (1756-1836) ತನ್ನ ಪದ್ಧತಿಯಲ್ಲಿ ಉರುಳೆಗೆ ಸ್ಥಾನ ಕೊಡಲಿಲ್ಲವೆಂಬುದು ಗಮನಾರ್ಹ. 1816ರಲ್ಲಿ ಬ್ರಿಸ್ಟಲ್ ಸುತ್ತಲಿನ ರಸ್ತೆಗಳ ಮೇಲ್ವಿಚಾರಣೆಯನ್ನು ವಹಿಸಿಕೊಂಡ ಆತನು ಆರು ಔನ್ಸಿಗೆ, ಎಂದರೆ ಸುಮಾರು 170 ಗ್ರಾಮಿಗೆ, ಮೀರದ ಮೂಲೆಮೂಲೆಯಾದ ಜಲ್ಲಿಯನ್ನು ಪದರಪದರವಾಗಿ ಹರಡಿಸಿ, ಒಣ ನೆಲದ ಮೇಲೆ ಅದು ಹೆಣೆದುಕೊಳ್ಳುವಂತೆ ಮಾಡಿದನು. ಹೆಣೆಯುವ ಕೆಲಸವನ್ನು ಗಾಡಿಗಳ ಚಕ್ರಗಳಿಗೇ ಬಿಟ್ಟನು.

ಈ ಪದ್ಧತಿಯಿಂದ ರಸ್ತೆಯ ಖರ್ಚು ಇಳಿಯಿತು. ಆದರೆ ಆ ಉಳಿತಾಯದ ಭಾರ ದಾರಿಹೋಕರ ಮೇಲೆ ಬಿದ್ದಿತು. ಹೊಸದಾಗಿ ಹರಡಿದ ಜಲ್ಲಿ ನೆಲೆಗೊಳ್ಳಲು ಬಹುಕಾಲ ಹಿಡಿಯುತ್ತಿದ್ದಿತು. ಅಷ್ಟುಕಾಲವೂ ಕುದುರೆಗಳ ಗೊರಸು ಒಡೆಯುವುದು, ಗಾಡಿಯ ಪಟ್ಟೆ ಸವೆಯುವುದು, ಜಲ್ಲಿಯ ಮೂಲೆಗಳು ಮುರಿದು ಹೆಣಿಗೆಯೇ ಸಡಿಲುವುದು ಅನಿವಾರ್ಯವಾಗಿದ್ದಿತು. ಆದುದರಿಂದ 19ನೆಯ ಶತಮಾನದ ಪೂರ್ವಾರ್ಧದಲ್ಲಿಯೇ ಫ್ರಾನ್ಸಿನಲ್ಲಿ ಪೊಲೊನ್ಸೊ, ಬ್ರಿಟನ್ನಿನಲ್ಲಿ ಸರ್ ಜಾನ್ ಬರ್ಗಾಯಿನ್ ಮೊದಲಾದ ಇಂಜಿನಿಯರುಗಳು ರಸ್ತೆಯನ್ನು ಸಂಚಾರಕ್ಕೆ ಬಿಡುವ ಮುನ್ನವೇ ಉರುಳೆಯಿಂದ ಅದುಮಬೇಕೆಂದು ವಾದಿಸಿದರು. ಆದರೆ ಕುದುರೆ ಎಳೆಯುವ ಉರುಳೆಗೆ ಒಂದು ಮೂಲಭೂತ ದೋಷವಿದ್ದಿತು. ಉರುಳೆ ಭಾರವಾದಷ್ಟೂ ಕುದುರೆಗಳ ಸಂಖ್ಯೆ ಹೆಚ್ಚಬೇಕು. ಕುದುರೆಗಳು ಹೆಚ್ಚಾದಷ್ಟೂ ಉರುಳೆಯ ಮುಂದಿನ ಜಲ್ಲಿ ಅವುಗಳ ಗೊರಸಿನಿಂದ ಕದಡಿಹೋಗುತ್ತದೆ. ಎಳೆಯುವವನ ಕಾಲು ತುಳಿಯದ ಉರುಳೆ, ಎಂದರೆ ತನ್ನನ್ನು ತಾನೇ ನಡೆಸಿಕೊಳ್ಳುವ ಉರುಳೆ, ಬೇಕಾಗಿದ್ದಿತು.

2. ಕಲ್ಕತ್ತೆ ಮತ್ತು ರೋಚೆಸ್ಟರ್

ಹಬೆಯಿಂದ ನಡೆಯುವ ರೋಲರಿಗೆ ಫ್ರಾನ್ಸಿನ ಬೋರ್ಡೋ ನಗರದ ಲೂಯಿ ಲೆಮ್ವಾನ್ 1859ರಲ್ಲಿ ಪೇಟೆಂಟನ್ನು ಪಡೆದನು. 1860ರ ದಶಕದಲ್ಲಿ ಪ್ಯಾರಿಸಿನ ಬೀದಿಗಳಲ್ಲಿ ಇಂತಹ ಯಂತ್ರಗಳು ಕೆಲಸಮಾಡತೊಡಗಿದುವು. ಈ ಕಥೆಯಲ್ಲಿ ಭಾರತಕ್ಕೆ ಬಹು ಬೇಗನೆ ಸ್ಥಾನ ದೊರೆಯಿತೆಂಬುದು ನಮ್ಮ ವಿದ್ಯಾರ್ಥಿಗಳು ತಿಳಿಯಬೇಕಾದ ಸಂಗತಿ. ಕಲ್ಕತ್ತೆಯ ಮುನಿಸಿಪಾಲಿಟಿಯ ಇಂಜಿನಿಯರನಾಗಿದ್ದ ವಿಲಿಯಂ ಕ್ಲಾರ್ಕ್, ಬರ್ಮಿಂಗ್‌ಹ್ಯಾಮಿನ ಡಬ್ಲ್ಯು. ಎಫ್. ಬಾಥೋ ಎಂಬಾತನೊಡನೆ ಸೇರಿ, 1863ರಲ್ಲಿ ಹಬೆಯ ರೋಲರೊಂದನ್ನು ರೂಪಿಸಿದನು. ಕಲ್ಕತ್ತೆಯ ಒಳಚರಂಡಿಯ ಯೋಜನೆಯನ್ನು ಸಿದ್ಧಪಡಿಸಿದವನೂ ಈ ಕ್ಲಾರ್ಕನೇ. ಮೆತ್ತನೆಯ ಮೆಕ್ಕಲು ನೆಲ, ಭಾರಿ ಮಳೆ, ದಿನವಿಡೀ ಎತ್ತಿನ ಗಾಡಿಗಳ ಓಡಾಟ, ಇಂತಹ ನಗರದಲ್ಲಿ ಬೀದಿಗಳನ್ನು ಗಟ್ಟಿಮಾಡುವುದು ನಗರಾಡಳಿತದ ಮುಂದಿದ್ದ ಮುಖ್ಯ ಸಮಸ್ಯೆಗಳಲ್ಲೊಂದೆಂಬುದು ಸಹಜವಾಗಿಯೇ ಊಹೆಗೆ ಬರುತ್ತದೆ.

ಆದರೆ ರೋಲರಿಗೆ ಸ್ಥಿರವಾದ ರೂಪವನ್ನು ಕೊಟ್ಟು ಲೋಕದಲ್ಲೆಲ್ಲ ಹರಡಿದವನು ಇಂಗ್ಲೆಂಡಿನ ಕೆಂಟ್ ಪ್ರಾಂತದ ರೋಚೆಸ್ಟರಿನ ಥಾಮಸ್ ಅವೆಲಿಂಗ್ (1824-1882). ಮೂಲತಃ ಬೇಸಾಯದ ಅನುಭವವಿದ್ದ ಈತನು, ಕುದುರೆಗಳು ಎಳೆದೊಯ್ಯಬೇಕಾಗಿದ್ದ ಹಬೆಯಂತ್ರವನ್ನು ತಾನಾಗಿಯೇ ನಡೆಯುವಂತೆ ಮಾರ್ಪಡಿಸಿ ಹೆಸರಾಗಿದ್ದನು. 1865ರ ಸುಮಾರಿಗೆ ರೋಲರಿನ ಪ್ರಯೋಗಗಳಲ್ಲಿ ತೊಡಗಿ, 1866ರಲ್ಲಿ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಅದನ್ನು ಪರೀಕ್ಷಿಸಿ ತೋರಿಸಿದನು. 1867ರಲ್ಲಿ ಲಿವರ್‌ಪೂಲ್ ನಗರವು 30 ಟನ್ ತೂಕದ ರೋಲರನ್ನು ಕೊಂಡುಕೊಂಡಿತು. ಅಷ್ಟು ಭಾರವಾದ ಯಂತ್ರವು ಜಲ್ಲಿಯನ್ನು ಅದುಮುವುದಕ್ಕೆ ಬದಲಾಗಿ ಪುಡಿಮಾಡುವ ಸಂಭವವಿದ್ದಿತು. ನೆಲದಡಿಯ ಕೊಳವೆಗಳಿಗೆ ಹಾನಿ ತಟ್ಟುವ ಭಯವೂ ಇದ್ದಿತು. ಆದುದರಿಂದ ಕ್ರಮೇಣ 10ರಿಂದ 15 ಟನ್ನುಗಳ ಯಂತ್ರಗಳೇ ರೂಢಿಗೆ ಬಂದುವು. ಮುಂದೆ ಅಗಲವಾದ ಒಂದು ಉರುಳೆ, ಹಿಂದೆ ಎರಡು ದೊಡ್ಡ ಗಾಲಿಗಳು, ನಡುವೆ ಮಲಗಿದ ಬಾಯ್ಲರು, ಅದರ ಹಿಂತುದಿಯಲ್ಲಿ ಕುಲುಮೆ, ಕುಲುಮೆಯ ಹಿಂದೆ ನಿಂತ ಡ್ರೈವರು: ನಮ್ಮ ಹಿರಿಯರು 'ರೋಡ್ ಇಂಜಿನ್ನು' ಎಂದು ಕರೆದ ಆಕೃತಿ ಇದೇ.

ಅವೆಲಿಂಗ್ ಮತ್ತು ಪೋರ್ಟರ್, ಗೇನ್ಸ್‌ಬರೋದ ಮಾರ್ಷಲ್, ಲೀಡ್ಸಿನ ಫೌಲರ್ ಮೊದಲಾದ ಕಂಪೆನಿಗಳು ಇಂತಹ ಯಂತ್ರಗಳನ್ನು ತಯಾರಿಸಿದುವು. ಸ್ವಾತಂತ್ರ್ಯ ಬಂದ ಮರುವರ್ಷವೇ, 1948ರಲ್ಲಿ, ಟಾಟಾ ಸಂಸ್ಥೆಯ ಜಮ್‌ಶೆಡ್‌ಪುರದ ಕಾರ್ಖಾನೆಯು ಮಾರ್ಷಲ್ ಕಂಪೆನಿಯ ಸಹಯೋಗದಿಂದ ಹಬೆಯ ರೋಲರನ್ನು ಹೊರತಂದಿತು. ಮುಂದೆ ಲಾರಿಗಳಿಗೆ ಹೆಸರಾದ ಸಂಸ್ಥೆಯ ಮೊದಮೊದಲ ಉತ್ಪನ್ನಗಳಲ್ಲಿ ರಸ್ತೆಯ ರೋಲರೂ ಒಂದಾಗಿದ್ದುದು ಅರ್ಥಪೂರ್ಣವಾಗಿಯೇ ಇದೆ. ಲಾರಿಗೆ ಮುಂಚೆ ರಸ್ತೆ ಬೇಕಷ್ಟೆ.

3. ಬಾಯ್ಲರಿನ ಭಯ

1863ರ ಕಲ್ಕತ್ತೆಗೆ ಮತ್ತೊಂದು ಕಾರಣದಿಂದಲೂ ನಾವು ಹಿಂದಿರುಗಬೇಕಾಗಿದೆ. ಕ್ಲಾರ್ಕನು ತನ್ನ ರೋಲರನ್ನು ರೂಪಿಸಿದ ವರ್ಷವೇ ಆ ನಗರದಲ್ಲಿ ಬಾಯ್ಲರೊಂದು ಸ್ಫೋಟಗೊಂಡು ಹಲವರು ಪ್ರಾಣ ಕಳೆದುಕೊಂಡರು. ಅದರ ಫಲವಾಗಿ 1864ರಲ್ಲಿ ಬಂಗಾಳದ ಶಾಸನಸಭೆಯು ಕಲ್ಕತ್ತೆ ಮತ್ತು ಅದರ ಉಪನಗರಗಳಲ್ಲಿ ಬಾಯ್ಲರುಗಳ ಪರೀಕ್ಷೆಯನ್ನು ವಿಧಿಸುವ ಕಾಯಿದೆಯನ್ನು ಮಾಡಿತು. ಈ ಎರಡು ಸಂಗತಿಗಳನ್ನು ಕಾರ್ಯಕಾರಣ ಸಂಬಂಧದಿಂದ ಬಿಗಿಯಬೇಕೆಂಬ ಅಭಿಪ್ರಾಯ ನಮಗಿಲ್ಲ. ಆದರೆ ಬೀದಿಯನ್ನು ಗಟ್ಟಿಮಾಡುವ ಹಬೆ, ಮನುಷ್ಯರನ್ನು ಕೊಲ್ಲುವ ಹಬೆ, ಇವೆರಡೂ ಒಂದೇ ನಗರದಲ್ಲಿ ಒಂದೇ ವರ್ಷ ಮೈದೋರಿದುವೆಂಬುದು ನೆನಪಿಡತಕ್ಕದ್ದು.

ಬಾಯ್ಲರು ಸಿಡಿಯುವುದೇಕೆಂಬುದನ್ನು ತಿಳಿಯದೆ ಆ ಕಾಲದ ಭಯವನ್ನು ಅರಿಯಲಾಗದು. ತೆರೆದ ಪಾತ್ರೆಯಲ್ಲಿ ನೀರು 100 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕುದಿಯುತ್ತದೆ. ಚದರ ಅಂಗುಲಕ್ಕೆ 150 ಪೌಂಡು ಒತ್ತಡವಿರುವ ಮುಚ್ಚಿದ ಬಾಯ್ಲರಿನಲ್ಲಿ ಅದೇ ನೀರು ಸುಮಾರು 185 ಡಿಗ್ರಿಯವರೆಗೆ ಕಾದಿರುತ್ತದೆ. ಎಲ್ಲಿಯಾದರೂ ತಗಡು ಬಿರಿದು ಒತ್ತಡ ಒಮ್ಮೆಗೇ ಇಳಿದರೆ ಆ ನೀರಿನ ಒಂದು ಭಾಗವು ಕ್ಷಣಮಾತ್ರದಲ್ಲಿ ಹಬೆಯಾಗಿ ಮಾರ್ಪಡುತ್ತದೆ. ವಾತಾವರಣದ ಒತ್ತಡದಲ್ಲಿ ಹಬೆಯು ತಾನು ಹುಟ್ಟಿದ ನೀರಿಗಿಂತ 1,600 ಮಡಿಗೂ ಮಿಗಿಲಾದ ಸ್ಥಳವನ್ನು ಬೇಡುತ್ತದೆ. ಈ ಬೇಡಿಕೆಯೇ ಸ್ಫೋಟ. ಆದುದರಿಂದ ಒಡೆದು ಹಾರುವುದಕ್ಕೆ ಶಕ್ತಿಯನ್ನು ಕೊಡುವುದು ಹಬೆಗಿಂತ ಹೆಚ್ಚಾಗಿ ಕಾದ ನೀರು. ಆದರೆ ತಗಡು ಬಿರಿಯುವುದಕ್ಕೆ ಅನೇಕ ವೇಳೆ ಕಾರಣವಾಗುವುದು ನೀರಿನ ಅಭಾವ. ಈ ವಿರೋಧಾಭಾಸವನ್ನು ಅರಿತವನೇ ಒಳ್ಳೆಯ ಡ್ರೈವರು.

ಕುಲುಮೆಯ ಮೇಲ್ತಗಡು ಸದಾ ನೀರಿನಿಂದ ಮುಚ್ಚಿರಬೇಕು. ಕೆಳಗೆ ಬೆಂಕಿ, ಮೇಲೆ ನೀರು ಇರುವವರೆಗೂ ತಗಡಿನ ಕಾವನ್ನು ನೀರು ಹೀರಿಕೊಳ್ಳುತ್ತದೆ. ನೀರು ಇಳಿದು ತಗಡು ಬರಿದಾದರೆ ಅದು ಕೆಂಪಗೆ ಕಾದು ಮೆತ್ತಗಾಗಿ ಒತ್ತಡಕ್ಕೆ ಬಾಗುತ್ತದೆ. ಇದನ್ನು ತಡೆಯಲು ರೋಲರಿನಲ್ಲಿ ಮೂರು ಕಾವಲುಗಳಿದ್ದುವು. ಮೊದಲನೆಯದು ನೀರಿನ ಮಟ್ಟವನ್ನು ತೋರುವ ಗಾಜಿನ ಕೊಳವೆ. ಕೊಳವೆಯ ದಾರಿ ಕೆಸರಿನಿಂದ ಕಟ್ಟಿಕೊಂಡರೆ ಅದು ಸುಳ್ಳು ಮಟ್ಟವನ್ನು ತೋರಿಸೀತು. ಆದುದರಿಂದ ದಿನವೂ ಅದರ ನಲ್ಲಿಗಳನ್ನು ತೆರೆದು ಹಬೆಯನ್ನೂ ನೀರನ್ನೂ ಹಾಯಿಸಿ ಪರೀಕ್ಷಿಸಬೇಕು. ಎರಡನೆಯದು ಒತ್ತಡ ಮಿತಿಮೀರಿದಾಗ ತಾನಾಗಿಯೇ ತೆರೆದುಕೊಳ್ಳುವ ಕ್ಷೇಮದ ಕವಾಟ. ಇದನ್ನು ಕಟ್ಟಿಹಾಕುವುದು ಅಥವಾ ಅದರ ಸ್ಪ್ರಿಂಗನ್ನು ಬಿಗಿಯುವುದು ಈ ವೃತ್ತಿಯ ಮಹಾಪರಾಧ. ಮೂರನೆಯದು ಕುಲುಮೆಯ ಮೇಲ್ತಗಡಿನಲ್ಲಿ ಕೂರಿಸಿದ ಸೀಸದ ಬಿರಡೆ. ಸೀಸವು 327 ಡಿಗ್ರಿಯಲ್ಲಿ ಕರಗುತ್ತದೆ. ತಗಡು ಬರಿದಾದೊಡನೆ ಬಿರಡೆ ಕರಗಿ, ಹಬೆ ಕುಲುಮೆಯೊಳಗೆ ನುಗ್ಗಿ, ಬೆಂಕಿಯನ್ನು ಕುಗ್ಗಿಸಿ, ಡ್ರೈವರನನ್ನು ಎಚ್ಚರಿಸುತ್ತದೆ. ಆ ವೇಳೆಗೆ ಗಾಬರಿಯಿಂದ ತಣ್ಣೀರನ್ನು ಒಳಕ್ಕೆ ಬಿಡಕೂಡದು. ಬೂದಿಯನ್ನೋ ಹಸಿಮಣ್ಣನ್ನೋ ಎರಚಿ ಬೆಂಕಿಯನ್ನು ಅಡಗಿಸಬೇಕೆಂಬುದು ಈ ವಿದ್ಯೆಯ ಹಳೆಯ ಪಾಠ.

ನಮ್ಮ ನಾಡಿನ ಗಡಸು ನೀರು ಈ ಯಂತ್ರಕ್ಕೆ ಮತ್ತೊಬ್ಬ ವೈರಿ. ಬಾವಿಯ ನೀರನ್ನು ಕಾಯಿಸಿದ ಹಂಡೆಯೊಳಗೆ ಕಟ್ಟುವ ಬಿಳಿಯ ಹಕ್ಕಳೆಯನ್ನು ನಮ್ಮ ಮನೆಗಳಲ್ಲಿ ಎಲ್ಲರೂ ಕಂಡಿದ್ದಾರೆ. ಬಾಯ್ಲರಿನೊಳಗೆ ಅದೇ ಹಕ್ಕಳೆ ತಗಡಿಗೂ ನೀರಿಗೂ ನಡುವೆ ಗೋಡೆಯಾಗಿ ನಿಂತು, ನೀರು ತುಂಬಿದ್ದರೂ ತಗಡು ಸುಡುವಂತೆ ಮಾಡುತ್ತದೆ. ಆದುದರಿಂದ ನಿಯತಕಾಲಕ್ಕೆ ಬೆಂಕಿ ಆರಿಸಿ, ಬಾಯ್ಲರು ಪೂರ್ತಿ ತಣಿದಮೇಲೆ, ಅದನ್ನು ತೊಳೆಯುವುದು ಯಂತ್ರವನ್ನು ಕಾಪಾಡುವ ಕೆಲಸಗಳಲ್ಲಿ ಮುಖ್ಯವಾದುದಾಗಿದ್ದಿತು. ಕೆಲಸ ಬೇಗ ಮುಗಿಯಬೇಕೆಂಬ ಆತುರಕ್ಕೆ ಮೊದಲು ಬಲಿಯಾಗುವುದೂ ಇದೇ.

1864ರ ಬಂಗಾಳದ ಕಾಯಿದೆಯ ಬಳಿಕ ಇತರ ಪ್ರಾಂತಗಳೂ ತಮತಮಗೆ ತೋರಿದಂತೆ ಕಾಯಿದೆಗಳನ್ನು ಮಾಡಿಕೊಂಡುವು. ಈ ವೈವಿಧ್ಯದಿಂದ ಒದಗಿದ ತೊಡಕನ್ನು 1920-21ರಲ್ಲಿ ಒಂದು ಸಮಿತಿಯು ಪರಿಶೀಲಿಸಿತು. ತತ್ಫಲವಾಗಿ 1923ರ ಭಾರತೀಯ ಬಾಯ್ಲರುಗಳ ಕಾಯಿದೆ ಬಂದಿತು. ರೈಲ್ವೆಯ ಇಂಜಿನ್ನುಗಳಿಗೆ ಅದರಿಂದ ವಿನಾಯಿತಿ ದೊರೆಯಿತು. ರಸ್ತೆಯ ರೋಲರಿಗೆ ಅಂತಹ ವಿನಾಯಿತಿ ದೊರೆಯಲಿಲ್ಲ. ಬಾಯ್ಲರಿಗೆ ರಿಜಿಸ್ಟರಿನ ಸಂಖ್ಯೆ ಇರಬೇಕು, ಹನ್ನೆರಡು ತಿಂಗಳಿಗೆ ಮೀರದ ಪ್ರಮಾಣಪತ್ರ ಇರಬೇಕು, ಅದರಲ್ಲಿ ಹೇಳಿದ ಒತ್ತಡವನ್ನು ಮೀರಕೂಡದು, ಅಪಘಾತವಾದರೆ 24 ಗಂಟೆಗಳೊಳಗೆ ವರದಿಮಾಡಬೇಕು, ಇವೇ ಮೊದಲಾದ ವಿಧಿಗಳು ಜಾರಿಗೆ ಬಂದುವು. ಇವು ಒಳ್ಳೆಯ ವಿಧಿಗಳು. ಇವುಗಳಿಂದ ಉಳಿದ ಪ್ರಾಣಗಳನ್ನು ಎಣಿಸಲು ಸಾಧ್ಯವಿಲ್ಲ. ನಡೆಯದೆ ಹೋದ ಸ್ಫೋಟಕ್ಕೆ ದಾಖಲೆಯಿರುವುದಿಲ್ಲ.

ಆದರೂ ಈ ಕಾಯಿದೆಯಲ್ಲಿ 'ಅಪಘಾತ' ಎಂಬ ಪದಕ್ಕೆ ಕೊಟ್ಟಿದ್ದ ಅರ್ಥವನ್ನು ಇತಿಹಾಸದ ವಿದ್ಯಾರ್ಥಿಯು ನಿಧಾನವಾಗಿ ಓದಬೇಕು. ಬಾಯ್ಲರು ಅಥವಾ ಅದರ ಹಬೆಯ ಕೊಳವೆ ಸಿಡಿಯುವುದು, ಇಲ್ಲವೆ ಸಿಡಿಯುವಷ್ಟು ಅವುಗಳ ಬಲ ಕುಂದುವಂತೆ ಹಾನಿಯಾಗುವುದು, ಇದೇ ಅಪಘಾತ. ಮನುಷ್ಯರಿಗಾದ ಗಾಯವನ್ನೂ ವರದಿಯಲ್ಲಿ ತಿಳಿಸಬೇಕೆಂದು ಇನ್ನೊಂದು ವಿಧಿ ಹೇಳಿತಾದರೂ, ಅಪಘಾತದ ಲಕ್ಷಣದಲ್ಲಿ ಮನುಷ್ಯನ ಪ್ರಸ್ತಾಪವಿರಲಿಲ್ಲ. ಸಾವು ಮತ್ತು ಗಾಯದ ಮಾತು ಆ ಲಕ್ಷಣವಾಕ್ಯದೊಳಕ್ಕೆ ಬಂದುದು 2007ರ ತಿದ್ದುಪಡಿಯಿಂದ, ಎಂದರೆ 84 ವರ್ಷಗಳ ಬಳಿಕ. 2025ರಲ್ಲಿ ಪಾರ್ಲಿಮೆಂಟು 1923ರ ಕಾಯಿದೆಗೆ ಬದಲಾಗಿ ಹೊಸ ಕಾಯಿದೆಯನ್ನೇ ಅಂಗೀಕರಿಸಿತು.

4. ಕೆಂಪು ಬಾವುಟ

ಇಂಗ್ಲೆಂಡಿನಲ್ಲಿ ಹಬೆಯ ಯಂತ್ರಗಳು ರಸ್ತೆಗಿಳಿದಾಗ ಅಲ್ಲಿನ ಶಾಸಕರ ಕಣ್ಣಿಗೆ ಬಿದ್ದ ಅಪಾಯ ಬೇರೆಯದು. 1865ರ ಲೋಕೊಮೋಟಿವ್ ಕಾಯಿದೆಯು ಇಂತಹ ಯಂತ್ರಗಳ ವೇಗವನ್ನು ಊರ ಹೊರಗೆ ಗಂಟೆಗೆ 4 ಮೈಲಿಗೂ ಊರೊಳಗೆ 2 ಮೈಲಿಗೂ ಮಿತಗೊಳಿಸಿತು. ಯಂತ್ರವನ್ನು ನಡೆಸಲು ಕನಿಷ್ಠ ಮೂವರಿರಬೇಕು. ಅವರಲ್ಲೊಬ್ಬನು ಕೆಂಪು ಬಾವುಟವನ್ನು ಹಿಡಿದು 60 ಗಜ ಮುಂದೆ ನಡೆಯಬೇಕು. ಎದುರಾದ ಕುದುರೆಗಳನ್ನೂ ಸವಾರರನ್ನೂ ಎಚ್ಚರಿಸಬೇಕು. 1878ರಲ್ಲಿ ಬಾವುಟದ ನಿರ್ಬಂಧವನ್ನು ಸಡಿಲಿಸಿ ಅಂತರವನ್ನು 20 ಗಜಕ್ಕೆ ಇಳಿಸಿದರು.

ಈ ಕಾಯಿದೆಯನ್ನು ಪ್ರಗತಿಗೆ ಅಡ್ಡಿಯೆಂದು ಹಳಿಯುವುದು ವಾಹನಗಳ ಚರಿತ್ರಕಾರರಲ್ಲಿ ರೂಢಿಯಾಗಿದೆ. ನಮ್ಮ ದೃಷ್ಟಿಯಲ್ಲಿ ಅದರ ಮುಖ್ಯ ಕೊರತೆ ಬೇರೆ. ಬೆದರುವ ಕುದುರೆಗಾಗಿ 60 ಗಜದ ಎಚ್ಚರಿಕೆಯನ್ನು ವಿಧಿಸಿದ ಕಾನೂನು, ಯಂತ್ರದಿಂದ ಎರಡು ಗಜದ ದೂರದಲ್ಲಿ ಬಗ್ಗಿ ಕಲ್ಲನ್ನು ಸರಿಪಡಿಸುವವನ ವಿಷಯದಲ್ಲಿ ಏನನ್ನೂ ಹೇಳಲಿಲ್ಲ. ವೇಗವೇ ಅಪಾಯವೆಂದು ಅದು ಭಾವಿಸಿತು. ರೋಲರಿನ ವಿಷಯದಲ್ಲಿ ಅಪಾಯವಿರುವುದು ಅದರ ಮಂದಗತಿಯಲ್ಲಿ. ಗಂಟೆಗೆ 3 ಮೈಲಿ ಎಂದರೆ ಒಂದು ಸೆಕೆಂಡಿಗೆ ಸುಮಾರು 1.3 ಮೀಟರು. ಇಷ್ಟು ನಿಧಾನವಾಗಿ ಬರುವ ವಸ್ತುವಿನಿಂದ ತಪ್ಪಿಸಿಕೊಳ್ಳುವುದು ಸುಲಭವೆಂದು ಯಾರಿಗಾದರೂ ತೋರುತ್ತದೆ. ಆದರೆ ಬೆನ್ನು ತಿರುಗಿಸಿ ಒಂದು ಮಾರು ದೂರದಲ್ಲಿ ಕುಳಿತವನಿಗೆ ಉಳಿದಿರುವ ಕಾಲ ಎರಡು ಸೆಕೆಂಡಿಗಿಂತ ಕಡಿಮೆ. ದಿನವಿಡೀ ಅದೇ ಸದ್ದನ್ನು ಕೇಳುತ್ತ ಕೆಲಸಮಾಡುವವನ ಕಿವಿ ಆ ಸದ್ದು ಹತ್ತಿರವಾದುದನ್ನು ಗುರುತಿಸದೆ ಹೋಗುತ್ತದೆ. ತಾಳಿದವನು ಬಾಳಿಯಾನು ಎಂಬ ಗಾದೆ ಮನುಷ್ಯರಿಗೆ ಸಲ್ಲುತ್ತದೆ. ನಿಧಾನವಾದ ಯಂತ್ರವೆಲ್ಲ ಸಾಧುವೆಂದು ಅದರಿಂದ ತಿಳಿಯಬಾರದು.

5. ಇಳಿಜಾರು ಮತ್ತು ಅಂಚು

ಬಾಯ್ಲರಿನ ಭಯ ಮತ್ತು ಚಲನೆಯ ಭಯ, ಇವೆರಡೂ ಒಟ್ಟುಗೂಡುವ ಸ್ಥಳ ಘಟ್ಟದ ರಸ್ತೆ. ಮಲೆನಾಡಿನಿಂದ ಕರಾವಳಿಗೆ ಇಳಿಯುವ ನಮ್ಮ ಘಟ್ಟಗಳನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹಬೆಯ ರೋಲರಿನಲ್ಲಿ ಕುಲುಮೆಯು ಹಿಂಭಾಗದಲ್ಲಿರುವುದರಿಂದ, ಯಂತ್ರವು ಮುಂದಾಗಿ ಇಳಿಯುವಾಗ ಬಾಯ್ಲರಿನೊಳಗಿನ ನೀರು ಮುಂದಕ್ಕೆ ಸರಿದು ಕುಲುಮೆಯ ಮೇಲ್ತಗಡು ಬರಿದಾಗುತ್ತದೆ. ಸಮನೆಲದಲ್ಲಿ ಸಾಕಾಗಿದ್ದ ನೀರು ಇಳಿಜಾರಿನಲ್ಲಿ ಸಾಲದು. ಆದುದರಿಂದ ಇಳಿಯುವ ಮುನ್ನವೇ ನೀರಿನ ಮಟ್ಟವನ್ನು ಏರಿಸಿಕೊಳ್ಳಬೇಕು; ತೀರ ಏರಿಸಿದರೆ ನೀರು ಹಬೆಯೊಡನೆ ಸಿಲಿಂಡರಿಗೆ ನುಗ್ಗಿ ಅದನ್ನು ಒಡೆದೀತು.

ಗೇರಿನ ವಿಷಯ ಇದಕ್ಕಿಂತಲೂ ಸೂಕ್ಷ್ಮ. ಹಳೆಯ ರೋಲರಿನಲ್ಲಿ ಇಂಜಿನ್ನೇ ಮುಖ್ಯವಾದ ತಡೆ. ಹಲ್ಲುಗಾಲಿಗಳು ಕೂಡಿಕೊಂಡಿರುವವರೆಗೂ ಇಂಜಿನ್ನು ಗಾಲಿಗಳನ್ನು ಹಿಡಿದಿರುತ್ತದೆ. ಇಳಿಜಾರಿನಲ್ಲಿ ಗೇರನ್ನು ಬದಲಾಯಿಸಲೆಂದು ಅವನ್ನು ಬಿಡಿಸಿದ ಕ್ಷಣದಲ್ಲಿ ಯಂತ್ರವು ಬರಿಯ ಉರುಳುಗಲ್ಲಾಗುತ್ತದೆ. 10 ಟನ್ ತೂಕದ ಯಂತ್ರವನ್ನು ಹತ್ತಕ್ಕೆ ಒಂದರ ಇಳಿಜಾರಿನಲ್ಲಿ ಕೆಳಕ್ಕೆ ಎಳೆಯುವ ಬಲ ಸುಮಾರು 1 ಟನ್. ನಯವಾದ ಉಕ್ಕಿನ ಗಾಲಿಗಳು ಒದ್ದೆಗಲ್ಲಿನ ಮೇಲೆ ಹಿಡಿತವನ್ನು ಕೊಡಲಾರವು. ಆದುದರಿಂದಲೇ ಇಳಿಜಾರಿನಲ್ಲಿ ಗೇರನ್ನು ಮುಟ್ಟಕೂಡದು, ನಿಲ್ಲಿಸಿದ ಯಂತ್ರದ ಗಾಲಿಗಳಿಗೆ ಅಡ್ಡಗಲ್ಲು ಕೊಡದೆ ಅದರಿಂದ ಇಳಿಯಕೂಡದು ಎಂಬ ಎರಡು ನಿಯಮಗಳು ಈ ವೃತ್ತಿಯಲ್ಲಿ ಬೇರೂರಿದುವು. ಹಬೆ ಹೋಗಿ ಡೀಸೆಲ್ ಬಂದಮೇಲೂ ಇವೆರಡು ನಿಯಮಗಳು ಸ್ವಲ್ಪವೂ ಹಳತಾಗಿಲ್ಲ.

ಇನ್ನು ರಸ್ತೆಯ ಅಂಚು. ಜಲ್ಲಿಯ ರಸ್ತೆಯನ್ನು ಅದುಮುವ ಕ್ರಮವೇನೆಂದರೆ, ಮೊದಲು ಎರಡು ಅಂಚುಗಳಿಂದ ತೊಡಗಿ, ಪ್ರತಿ ಸಾರಿಯೂ ಹಿಂದಿನ ಜಾಡಿನ ಅರ್ಧದಷ್ಟನ್ನು ಮತ್ತೆ ತುಳಿಯುತ್ತ, ನಡುವಿಗೆ ಬರುವುದು. ತಿರುವುಗಳಲ್ಲಿ ತಗ್ಗಾದ ಒಳಅಂಚಿನಿಂದ ಎತ್ತರದ ಹೊರಅಂಚಿಗೆ ಸಾಗುವುದು. ನಡುವಿನಿಂದ ತೊಡಗಿದರೆ ಜಲ್ಲಿ ಅಂಚಿಗೆ ಜರುಗಿ ರಸ್ತೆಯ ಉಬ್ಬು ಅಳಿಸಿಹೋಗುತ್ತದೆ. ಆದುದರಿಂದ ಈ ಕ್ರಮವು ಶಾಸ್ತ್ರೀಯವಾಗಿ ಸರಿಯಾದುದೇ. ಆದರೆ ಇದರ ಪರಿಣಾಮವನ್ನು ಗಮನಿಸಬೇಕು. ರಸ್ತೆಯ ಅತ್ಯಂತ ಸಡಿಲವಾದ ಭಾಗ ಅಂಚು. ಇನ್ನೂ ಏನೂ ಗಟ್ಟಿಯಾಗಿರದ ಮೊದಲ ಗಳಿಗೆಯಲ್ಲಿಯೇ ಅತ್ಯಂತ ಭಾರವಾದ ಯಂತ್ರ ಆ ಅಂಚಿಗೆ ಹೋಗಬೇಕು. ಏರಿಯ ಮೇಲಿನ ರಸ್ತೆಯಲ್ಲಿ ಮಣ್ಣು ಕುಸಿದರೆ ಯಂತ್ರವು ಮಗುಚಿ ಬೀಳುತ್ತದೆ. ಒಳ್ಳೆಯ ರಸ್ತೆಗೆ ಯಾವ ಕ್ರಮ ಅವಶ್ಯವೋ ಅದೇ ಕ್ರಮ ಡ್ರೈವರನನ್ನು ಅಪಾಯದ ಅಂಚಿಗೆ ಒಯ್ಯುತ್ತದೆ. ಇದಕ್ಕೆ ಪರಿಹಾರ ಕ್ರಮವನ್ನು ಬಿಡುವುದಲ್ಲ. ಅಂಚಿನ ಮಣ್ಣನ್ನು ಮೊದಲೇ ಕಟ್ಟಿ ಗಟ್ಟಿಮಾಡುವುದು, ಮಿತಿಯನ್ನು ಕಲ್ಲು ನೆಟ್ಟು ಗುರುತಿಸುವುದು, ಮಳೆ ಬಿದ್ದ ಮಾರನೆಯ ದಿನ ಅಂಚನ್ನು ಪರೀಕ್ಷಿಸದೆ ಯಂತ್ರವನ್ನು ಬಿಡದಿರುವುದು, ಇವೇ ಪರಿಹಾರಗಳು. ಇವುಗಳಲ್ಲಿ ಒಂದೂ ಡ್ರೈವರನ ಕೈಯಲ್ಲಿಲ್ಲವೆಂಬುದನ್ನು ಗಮನಿಸತಕ್ಕದ್ದು. ಇವೆಲ್ಲ ಕೆಲಸವನ್ನು ಮಾಡಿಸುವವರ ಹೊಣೆ.

6. ಗಾಲಿಯ ಸುತ್ತಲಿನವರು

ರೋಲರಿನ ಸುತ್ತ ಕೆಲಸಮಾಡುವವರಲ್ಲಿ ಡ್ರೈವರು ಒಬ್ಬನೇ ಯಂತ್ರದ ಮೇಲಿರುತ್ತಾನೆ. ಉಳಿದವರೆಲ್ಲ ನೆಲದ ಮೇಲಿರುವವರು. ಮಂಕರಿಯಲ್ಲಿ ಜಲ್ಲಿಯನ್ನು ಹೊತ್ತು ತಂದು ಸುರಿಯುವವರು, ತಗ್ಗು ಕಂಡಲ್ಲಿ ಕೈಯಿಂದ ಕಲ್ಲು ತುಂಬುವವರು, ಗರಸನ್ನು ಹರಡುವವರು, ಅದು ಕಲ್ಲಿನ ಸಂದುಗಳಿಗೆ ಇಳಿಯುವಂತೆ ನೀರು ಚಿಮುಕಿಸುವವರು, ಗಾಲಿಗೆ ಅಂಟಿದ ಕೆಸರನ್ನು ಕೆರೆಯುವವರು. ಇವರಲ್ಲಿ ಹೆಂಗಸರ ಸಂಖ್ಯೆ ದೊಡ್ಡದು. ಮರದ ನೆರಳಿನಲ್ಲಿ ಸೀರೆಯ ಜೋಲಿಯೊಳಗೆ ಕೂಸನ್ನು ಮಲಗಿಸಿ ಕಲ್ಲು ಹೊರುವ ತಾಯಿಯನ್ನು ನಮ್ಮ ರಸ್ತೆಗಳ ಬದಿಯಲ್ಲಿ ಕಾಣದವರಿಲ್ಲ. ಯಂತ್ರವು ಹಿಂದಕ್ಕೂ ಮುಂದಕ್ಕೂ ಸಮಾನವಾಗಿ ಚಲಿಸುವುದರಿಂದ ಇವರಿಗೆ ಅದರ 'ಹಿಂದೆ' ಎಂಬ ಕ್ಷೇಮವಾದ ದಿಕ್ಕೇ ಇಲ್ಲ. ಡ್ರೈವರನಿಗಾದರೋ ಉದ್ದವಾದ ಬಾಯ್ಲರಿನ ಆಚೆ, ಉರುಳೆಯ ಹತ್ತಿರ ಬಗ್ಗಿದವರು ಕಾಣುವುದಿಲ್ಲ.

1923ರಲ್ಲಿ ಬಾಯ್ಲರುಗಳ ಕಾಯಿದೆಯೊಡನೆಯೇ ಕೆಲಸಗಾರರ ನಷ್ಟಪರಿಹಾರದ ಕಾಯಿದೆಯೂ ಬಂದಿತು. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ಆ ಕಾಲದ ಮನೋಧರ್ಮ ಸ್ಪಷ್ಟವಾಗುತ್ತದೆ. ಬಾಯ್ಲರನ್ನು ಹಾನಿಗೆ ಮುಂಚೆ ವರ್ಷಕ್ಕೊಮ್ಮೆ ಪರೀಕ್ಷಿಸಬೇಕು. ಮನುಷ್ಯನಿಗೆ ಹಾನಿಯಾದ ಬಳಿಕ ಹಣ ಕೊಡಬೇಕು. ಒಂದು ಕಾಯಿದೆ ತಡೆಯುತ್ತದೆ, ಇನ್ನೊಂದು ತೀರಿಸುತ್ತದೆ. ಕಟ್ಟಡ ಮತ್ತು ಇತರ ನಿರ್ಮಾಣ ಕೆಲಸಗಾರರಿಗಾಗಿಯೇ, ರಸ್ತೆಯ ಕೆಲಸವನ್ನೂ ಹೆಸರಿಸಿ, ಅವರ ಕ್ಷೇಮ ಮತ್ತು ಆರೋಗ್ಯವನ್ನು ಕುರಿತ ಕೇಂದ್ರ ಕಾಯಿದೆ ಬಂದುದು 1996ರಲ್ಲಿ. 2020ರ ಸಂಹಿತೆಯು ಈ ವಿಷಯವನ್ನು ತನ್ನೊಳಗೆ ಸೇರಿಸಿಕೊಂಡಿತು. ಕಲ್ಕತ್ತೆಯ ಬಾಯ್ಲರಿಗೂ ರಸ್ತೆಯ ಕೂಲಿಯವಳಿಗೂ ದೊರೆತ ರಕ್ಷಣೆಯ ನಡುವೆ 132 ವರ್ಷಗಳ ಅಂತರವಿದೆ.

ಇಲ್ಲಿ ಒಂದು ಆಕ್ಷೇಪ ಬರಬಹುದು. ಬಾಯ್ಲರು ಸಿಡಿದರೆ ಸಾಯುವವರೂ ಮನುಷ್ಯರೇ ಅಲ್ಲವೆ, ಬಾಯ್ಲರಿನ ರಕ್ಷಣೆಯೇ ಮನುಷ್ಯರ ರಕ್ಷಣೆಯಲ್ಲವೆ ಎಂದು ಕೇಳಬಹುದು. ಇದು ನ್ಯಾಯವಾದ ಆಕ್ಷೇಪ. ನಾವು ಹಿಂದೆ ಹೇಳಿದ ಅಭಿಪ್ರಾಯಕ್ಕೆ ಇದೇ ಮಿತಿ. ಹತ್ತು ಜನರನ್ನು ಒಮ್ಮೆಗೇ ಕೊಲ್ಲುವ ಸ್ಫೋಟವು ಊರಿಗೆಲ್ಲ ಕೇಳಿಸುತ್ತದೆ. ಅದಕ್ಕೆ ಕಾನೂನು ಬೇಗ ಹುಟ್ಟುವುದು ಸಹಜ. ಆದರೆ ಒಬ್ಬೊಬ್ಬರಾಗಿ, ಬೇರೆಬೇರೆ ಊರುಗಳಲ್ಲಿ, ಸದ್ದಿಲ್ಲದೆ ಗಾಲಿಗೆ ಸಿಕ್ಕಿದವರ ಅಪಘಾತಗಳು ಒಟ್ಟುಗೂಡಿ ಒಂದು ಸಂಗತಿಯಾಗಿ ಯಾರ ಕಣ್ಣಿಗೂ ಬೀಳಲಿಲ್ಲ. ಶಾಸನವು ನಿಧಾನಿಸಿದುದಕ್ಕೆ ನಿರ್ದಯತೆಯೊಂದೇ ಕಾರಣವೆನ್ನಲಾಗದು, ಕಾಣದಿರುವುದೂ ಕಾರಣ. ಕಾಣದಿದ್ದುದನ್ನು ಕಾಣುವಂತೆ ಮಾಡುವುದು ಚರಿತ್ರೆಯ ಕರ್ತವ್ಯಗಳಲ್ಲೊಂದು.

7. ಹಬೆಯ ಬಳಿಕ

20ನೆಯ ಶತಮಾನದಲ್ಲಿ ಡೀಸೆಲ್ ಇಂಜಿನ್ನು ಹಬೆಯನ್ನು ಕ್ರಮವಾಗಿ ಹೊರದೂಡಿತು. ಬೆಳಗಿನ ಜಾವ ಎದ್ದು ಗಂಟೆಗಟ್ಟಲೆ ಬೆಂಕಿ ಹಾಕುವ ಕೆಲಸ ತಪ್ಪಿತು. ಸ್ಫೋಟದ ಭಯ ಹೋಯಿತು. ಇದು ನಿಜವಾದ ಲಾಭ. ಆದರೆ ಬಾಯ್ಲರು ಹೋದೊಡನೆ ಬಾಯ್ಲರು ಇನ್‌ಸ್ಪೆಕ್ಟರರ ವಾರ್ಷಿಕ ಪರೀಕ್ಷೆಯೂ ಹೋಯಿತೆಂಬುದನ್ನು ಮರೆಯಬಾರದು. ಹೊರಗಿನ ಅಧಿಕಾರಿಯೊಬ್ಬನು ಬಂದು ಯಂತ್ರದ ಮುಂದೆ ನಿಂತು ನೋಡುವ ಆ ಒಂದು ದಿನದಿಂದ ಬಾಯ್ಲರಿನಷ್ಟೇ ಇತರ ಭಾಗಗಳಿಗೂ ಪ್ರಯೋಜನವಾಗುತ್ತಿದ್ದಿರಬೇಕು. ಬ್ರೇಕು, ಗೇರು, ಸುಕ್ಕಾಣಿಯ ಸರಪಣಿ ಇವುಗಳ ಸ್ಥಿತಿ ಆಮೇಲೆ ಹೆಚ್ಚಾಗಿ ಯಂತ್ರದ ಒಡೆಯನ ಎಚ್ಚರಿಕೆಗೇ ಸೇರಿತು.

ಎರಡನೆಯ ಮಹಾಯುದ್ಧದ ಬಳಿಕ, ತೂಕದೊಡನೆ ಕಂಪನದಿಂದಲೂ ನೆಲವನ್ನು ಅದುಮುವ ರೋಲರುಗಳು ಬಳಕೆಗೆ ಬಂದುವು. ಈ ಕ್ಷೇತ್ರದಲ್ಲಿ ಹೆಸರಾದ ಜರ್ಮನಿಯ ಬೊಮಾಗ್ ಕಂಪೆನಿಯು ಸ್ಥಾಪಿತವಾದುದು 1957ರಲ್ಲಿ. ಈ ಯಂತ್ರಗಳು ಹಗುರವಾಗಿದ್ದರೂ ಹೆಚ್ಚು ಆಳದವರೆಗೆ ಪರಿಣಾಮ ಬೀರುತ್ತವೆ. ಆದರೆ ಅದೇ ಕಂಪನವು ಸಡಿಲವಾದ ಅಂಚನ್ನು ಕುಸಿಯುವಂತೆ ಮಾಡಬಲ್ಲುದು, ಬದಿಯ ಮಣ್ಣಿನ ಗೋಡೆಯನ್ನು ಬಿರಿಯಿಸಬಲ್ಲುದು, ದಿನವಿಡೀ ಕುಳಿತ ಡ್ರೈವರನ ಬೆನ್ನುಮೂಳೆಯನ್ನು ಸವೆಸಬಲ್ಲುದು. ಯಂತ್ರವು ಮಗುಚಿದರೂ ಜಜ್ಜಿಹೋಗದಂತೆ ಡ್ರೈವರನ ಸುತ್ತ ಕಟ್ಟಿದ ಉಕ್ಕಿನ ಚೌಕಟ್ಟು, ಅವನನ್ನು ಆ ಚೌಕಟ್ಟಿನೊಳಗೇ ಹಿಡಿದಿಡುವ ಸೊಂಟದ ಪಟ್ಟಿ, ಹಿಂದಕ್ಕೆ ಚಲಿಸುವಾಗ ಕೂಗುವ ಗಂಟೆ, ಇವು ಈಚಿನ ಸಾಧನಗಳು. ಚೌಕಟ್ಟಿದ್ದು ಪಟ್ಟಿ ಕಟ್ಟದಿದ್ದರೆ ಪ್ರಯೋಜನವಿಲ್ಲ. ಮಗುಚುವಾಗ ಹೊರಕ್ಕೆ ಎಸೆಯಲ್ಪಟ್ಟವನ ಮೇಲೆ ಆ ಚೌಕಟ್ಟೇ ಬೀಳಬಹುದು. ಸಾಧನ ಮತ್ತು ಅಭ್ಯಾಸ ಎರಡೂ ಕೂಡಿದಲ್ಲಿ ಮಾತ್ರ ಕ್ಷೇಮ. ಗಾಜಿನ ಕೊಳವೆಯ ಕಾಲದಿಂದಲೂ ಇದು ಬದಲಾಗಿಲ್ಲ.

ಉಪಸಂಹಾರ

ಮೇಲಿನ ವಿವೇಚನೆಯಿಂದ ತೋರಿಬರುವುದಿಷ್ಟು. ರೋಲರಿನ ಕ್ಷೇಮದ ನಿಯಮಗಳು ಒಂದೇ ಸಾರಿ ಹುಟ್ಟಿದವಲ್ಲ. ಒಂದೊಂದು ನಿಯಮದ ಹಿಂದೆಯೂ ಒಂದೊಂದು ಬಗೆಯ ಅಪಾಯದ ಅನುಭವವಿದೆ. ಸ್ಫೋಟದ ಭಯದಿಂದ ಬಾಯ್ಲರಿಗೆ ಪರೀಕ್ಷಕ ಬಂದನು. ಕುದುರೆಯ ಬೆದರಿಕೆಯಿಂದ ಬಾವುಟದವನು ಬಂದನು. ಜಲ್ಲಿ ಹೊರುವವಳಿಗಾಗಿ ಬರಬೇಕಾದವನು ಬಹಳ ತಡವಾಗಿ ಬಂದನು.

ಕಾಲೇಜಿನ ಅಧ್ಯಾಪಕರಲ್ಲಿಯೂ ವಿದ್ಯಾರ್ಥಿಗಳಲ್ಲಿಯೂ ನಮ್ಮದೊಂದು ವಿಜ್ಞಾಪನೆಯಿದೆ. ಸರ್ಕಾರಿ ಅಂಗಳಗಳ ಮೂಲೆಗಳಲ್ಲಿ ಹಳೆಯ ಹಬೆಯ ರೋಲರುಗಳು ತುಕ್ಕು ಹಿಡಿದು ನಿಂತಿರುವುದನ್ನು ಅಲ್ಲಲ್ಲಿ ಕಾಣಬಹುದು. ಅವುಗಳ ಮೇಲಿನ ತಯಾರಕರ ಫಲಕವನ್ನೂ ಬಾಯ್ಲರಿನ ರಿಜಿಸ್ಟರು ಸಂಖ್ಯೆಯನ್ನೂ ಬರೆದುಕೊಳ್ಳಿರಿ. ಗಂಟೆ, ಇಂಧನ, ಎಣ್ಣೆ ಇವುಗಳ ಲೆಕ್ಕವಿರುವ ಲಾಗ್ ಪುಸ್ತಕಗಳು ಉಳಿದಿದ್ದರೆ ಅವು ರದ್ದಿಗೆ ಹೋಗುವ ಮುನ್ನ ನೋಡಿರಿ. ಅದಕ್ಕಿಂತ ಮುಖ್ಯವಾಗಿ, ಅವುಗಳ ಜೊತೆ ಕೆಲಸಮಾಡಿದ ಮುದುಕರೂ ಮುದುಕಿಯರೂ ನಿಮ್ಮ ಊರಿನಲ್ಲಿದ್ದರೆ ಅವರ ಬಳಿ ಕುಳಿತು ಕೇಳಿರಿ. ಲಾಗ್ ಪುಸ್ತಕದಲ್ಲಿ ಸುರಿದ ಎಣ್ಣೆಯ ಲೆಕ್ಕ ದೊರೆಯುತ್ತದೆ. ಗಾಲಿಯ ಮುಂದೆ ಬಗ್ಗಿದವರ ಹೆಸರು ದೊರೆಯುವುದಿಲ್ಲ. ಆ ಹೆಸರುಗಳು ಇನ್ನೂ ಕೆಲವರ ನೆನಪಿನಲ್ಲಿವೆ. ನೆನಪು ಅಳಿಯುವುದಕ್ಕೆ ಮುಂಚೆ ಅವನ್ನು ಬರೆದಿಟ್ಟರೆ, ನಾವು ದಿನವೂ ನಡೆಯುವ ರಸ್ತೆಯ ಋಣದಲ್ಲಿ ಒಂದಂಶವನ್ನಾದರೂ ತೀರಿಸಿದಂತಾಗುತ್ತದೆ.